ಪ್ರತಿಕ್ರಿಯೆ: ಥಿಂಕ್‌ಪ್ಯಾಡ್ ಫ್ಯಾನ್ ವೇಗ ಬದಲಾಗುತ್ತಿಲ್ಲ

ಲಿನಕ್ಸ್‌ನಲ್ಲಿ ಫ್ಯಾನ್ ವೇಗ ಓದಲು ಬರುತ್ತದೆ, ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಬರೆದರೂ ಬದಲಾಗುತ್ತಿಲ್ಲ ಎಂದಿದ್ದೀರಿ. ನಿಮ್ಮ ಲ್ಯಾಪ್‌ಟಾಪ್ ಕೆಟ್ಟಿಲ್ಲ. ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ನ ಫ್ಯಾನ್ ಮುಂತಾದವನ್ನು ಲಿನಕ್ಸ್‌ಗೆ ಜೋಡಿಸುವ ಥಿಂಕ್‌ಪ್ಯಾಡ್-ಎಸಿಪಿಐ ಡ್ರೈವರ್ ಸುರಕ್ಷತೆಗಾಗಿ ಫ್ಯಾನ್ ನಿಯಂತ್ರಣವನ್ನು ಮೊದಲೇ ಮುಚ್ಚಿಟ್ಟಿರುತ್ತದೆ.

ಇಟಿಸಿ ಒಳಗಿನ ಮಾಡ್‌ಪ್ರೋಬ್ ಡಾಟ್ ಡಿ ಫೋಲ್ಡರ್‌ನಲ್ಲಿ ಒಂದು ಫೈಲ್ ಮಾಡಿ. ಹೆಸರು ಏನಾದರೂ ಇರಲಿ, ಕೊನೆಗೆ ಡಾಟ್ ಕಾನ್ಫ್ ಇರಲೇಬೇಕು. ಅದರಲ್ಲಿ ಒಂದೇ ಸಾಲು: ಆಪ್ಷನ್ಸ್, ಡ್ರೈವರ್ ಹೆಸರು, ನಂತರ ಫ್ಯಾನ್ ಕಂಟ್ರೋಲ್ ಈಕ್ವಲ್ಸ್ 1. ಎರಡು ಹೆಸರುಗಳಲ್ಲೂ ಪದಗಳ ನಡುವೆ ಅಂಡರ್‌ಸ್ಕೋರ್, ಈಕ್ವಲ್ಸ್ ಅಕ್ಕಪಕ್ಕ ಜಾಗ ಬೇಡ. ರೀಬೂಟ್ ಮಾಡಿ. ಈಗ ಪ್ರಾಕ್, ಎಸಿಪಿಐ, ಐಬಿಎಂ ಒಳಗಿನ ಫ್ಯಾನ್ ಫೈಲ್ ಓದಿದರೆ ಕೆಳಗೆ ಕಮಾಂಡ್ಸ್ ಎಂಬ ಸಾಲುಗಳು ಹೊಸದಾಗಿ ಕಾಣಬೇಕು. ಕಾಣದಿದ್ದರೆ ಬಹುಶಃ ಆಯ್ಕೆ ಹತ್ತಿಲ್ಲ, ಕಾಗುಣಿತ ನೋಡಿ.

ಇದೇ ಫ್ಯಾನ್ ಫೈಲ್‌ಗೆ ರೂಟ್ ಆಗಿ ಬರೆದು ಲೆವೆಲ್ (ವೇಗದ ಮಟ್ಟ) 0ರಿಂದ 7ರವರೆಗೆ ಕೊಡಬಹುದು. 0 ಎಂದರೆ ಫ್ಯಾನ್ ಪೂರ್ತಿ ಬಂದ್. ಸದ್ದು ಜಾಸ್ತಿ ಅಂತ ಸುಮ್ನೆ 0 ಇಟ್ಟು ಮರೆತರೆ ಬಿಸಿ ಏರುತ್ತದೆ ಅಲ್ವಾ? ಅದಕ್ಕೇ ವಾಚ್‌ಡಾಗ್ ಇದೆ. ಅದೇ ಫೈಲ್‌ಗೆ ವಾಚ್‌ಡಾಗ್ 120 ಎಂದು ಬರೆದರೆ, 120 ಸೆಕೆಂಡು ನಿಮ್ಮಿಂದ ಹೊಸ ಆಜ್ಞೆ ಬರದಿದ್ದಾಗ ಡ್ರೈವರ್ ತಾನೇ ಫ್ಯಾನ್ ಚಾಲೂ ಮಾಡುತ್ತದೆ. 120ಕ್ಕಿಂತ ಹೆಚ್ಚು ಒಪ್ಪುವುದಿಲ್ಲ. ಮೊದಲಿನಂತಾಗಲು ಲೆವೆಲ್ ಆಟೋ ಎಂದು ಬರೆಯಿರಿ.