ಡಿಸೆಂಬರ್ ಕೊನೆಯಲ್ಲಿ ಅಪ್ಪ ಅಮ್ಮನ ಜೊತೆ ಏಳು ದಿನ ಸ್ವಿಟ್ಜರ್ಲೆಂಡ್: ಯಾವ ಊರು ಇಟ್ಟುಕೊಳ್ಳಲಿ, ಯಾವುದು ಬಿಡಲಿ?

ನಿಮ್ಮ ಪಟ್ಟಿ ಓದಿ ಎದೆ ಧಸಕ್ಕೆಂದಿತು. ಜ್ಯೂರಿಕ್, ಲುಸರ್ನ್, ಇಂಟರ್‌ಲಾಕನ್, ಜರ್ಮಾಟ್, ಜಿನೀವಾ. ಏಳು ದಿನ, ಐದು ಊರು, ಜೊತೆಗೆ ವಯಸ್ಸಾದ ಅಪ್ಪ ಅಮ್ಮ, ಆರು ವರ್ಷದ ಮಗು. 2019ರ ಡಿಸೆಂಬರ್‌ನಲ್ಲಿ ನನ್ನ ಕೈಲಿದ್ದದ್ದೂ ಹೆಚ್ಚುಕಡಿಮೆ ಇದೇ ಪಟ್ಟಿ. ಮಗಳಿಗೂ ಆಗ ಆರೇ ವರ್ಷ.

ನಮ್ಮದು ಸಕಲೇಶಪುರದ ಕಡೆ. ಅಮ್ಮನಿಗೆ ಒಂದೇ ಆಸೆ ಇತ್ತು. ‘ಒಂದು ಸಲ ಮಂಜು ಕೈಲಿ ಹಿಡಿದು ನೋಡಬೇಕು’ ಅನ್ನುತ್ತಿದ್ದರು. ಹಿಮವನ್ನೂ ಅವರು ಮಂಜು ಅಂತಲೇ ಕರೆಯುವುದು. ಆ ಡಿಸೆಂಬರ್ 26ರ ಬೆಳಿಗ್ಗೆ ಸೂರ್ಯಗ್ರಹಣ ಇತ್ತು, ನೆನಪಿರಬಹುದು. ಗ್ರಹಣ ಬಿಟ್ಟು ಸ್ನಾನ ಆಗದೆ ಮನೆ ಬಿಡಲ್ಲ ಅಂತ ಅಮ್ಮ ಮೊದಲೇ ಹೇಳಿದ್ದರು. ಹಾಗಾಗಿ ಆ ರಾತ್ರಿಯ ವಿಮಾನ ಹಿಡಿದು, 27ರ ಮಧ್ಯಾಹ್ನ ಜ್ಯೂರಿಕ್‌ನಲ್ಲಿ ಇಳಿದೆವು. ಅಲ್ಲಿಂದ ರೈಲಿನಲ್ಲಿ ಒಂದು ಗಂಟೆಗೆಲ್ಲ ಲುಸರ್ನ್.

ಲುಸರ್ನ್‌ನಲ್ಲಿ ಐದು ರಾತ್ರಿಗೆ ಕೋಣೆ ಮಾಡಿದ್ದೆ. ಅದೂ ಕೆರೆ ಕಾಣುವ ಕೋಣೆ. ಅದಕ್ಕೆ ಜಾಸ್ತಿ ದುಡ್ಡು ಬೇರೆ. ಪೂರ್ತಿ ಮುಂಗಡ ಕಟ್ಟಿದರೆ ಸ್ವಲ್ಪ ಕಡಿಮೆ ಆಗುತ್ತದೆ ಅಂತ, ರದ್ದು ಮಾಡಿದರೆ ಒಂದು ಪೈಸೆಯೂ ವಾಪಸ್ ಬಾರದ ದರವನ್ನೇ ಆರಿಸಿದ್ದೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಅಲ್ಲಿ ಕೋಣೆಗಳ ಬೆಲೆ ಮುಗಿಲು ಮುಟ್ಟಿರುತ್ತದೆ. ಎರಡು ಕೋಣೆಗೆ ಐದು ರಾತ್ರಿಗೆ ನನ್ನ ಜೇಬಿನಿಂದ ಹೋದದ್ದು ಒಂದೂವರೆ ಲಕ್ಷದ ಮೇಲೆ.

ಪರದೆ ಸರಿಸಿದರೆ ಕೆರೆ ಇರಲಿಲ್ಲ. ಇತ್ತು, ಕಾಣುತ್ತಿರಲಿಲ್ಲ. ಬೂದಿ ಬಣ್ಣದ ಮಂಜು ಕಿಟಕಿಗೆ ಒರಗಿ ನಿಂತ ಹಾಗಿತ್ತು. ಎದುರಿನ ರಸ್ತೆಯ ದೀಪ ಹಗಲಲ್ಲೂ ಉರಿಯುತ್ತಿತ್ತು. ನಾಳೆ ಸರಿಹೋಗುತ್ತದೆ ಅಂದುಕೊಂಡು ಮಲಗಿದೆವು. 28ರಂದು ಹಳೇ ಮರದ ಸೇತುವೆ ನೋಡಿದೆವು, ಬಂಡೆಯಲ್ಲಿ ಕೆತ್ತಿದ ಸಿಂಹ ನೋಡಿದೆವು. ದೋಣಿ ಹತ್ತಿದರೆ ದಡ ಬಿಟ್ಟ ಎರಡೇ ನಿಮಿಷಕ್ಕೆ ನಾಲ್ಕೂ ಕಡೆ ಬೂದಿ ಬಣ್ಣ. 29ಕ್ಕೆ ಬರ್ನ್‌ಗೆ ಹೋದೆವು. ಆಲ್ಪ್ಸ್ ಸಾಲು ಕಾಣುತ್ತದೆ ಅಂತ ಓದಿದ್ದ ಕಟ್ಟೆಯ ಮೇಲೆ ನಿಂತು ಮಂಜನ್ನೇ ನೋಡಿದೆವು. ಕ್ರಿಸ್‌ಮಸ್ ಸಂತೆಗಳೂ ಅಷ್ಟರಲ್ಲಿ ಮುಗಿದಿದ್ದವು. ಅಲ್ಲಿ ಅವು ಹೆಚ್ಚಿನವು 23, 24ಕ್ಕೇ ಮುಚ್ಚುತ್ತವೆ. ಕೊನೆಯ ವಾರ ಹೋಗುವವರಿಗೆ ಸಿಗುವುದು ಕಡಿಮೆ.

ಅಪ್ಪ ದೂರುವವರಲ್ಲ. ಆ ಸಂಜೆ ಮಂಕಿ ಕ್ಯಾಪ್ ತೆಗೆಯುತ್ತಾ ಮೆಲ್ಲಗೆ ಹೇಳಿದರು, ‘ಮಂಜು ನೋಡೋಕೆ ನಮ್ಮ ಸಕಲೇಶಪುರವೇ ಸಾಕಿತ್ತಲ್ಲಪ್ಪಾ.’ ಆ ಮಾತು ನನಗೆ ರಾತ್ರಿಯಿಡೀ ನಿದ್ದೆ ಕೊಡಲಿಲ್ಲ.

ಹೋಟೆಲ್ ಕೋಣೆಯ ಟೀವಿಯಲ್ಲಿ ಒಂದು ಚಾನೆಲ್ ಬರುತ್ತಿತ್ತು. ಬೆಟ್ಟದ ಮೇಲಿನ ಕ್ಯಾಮೆರಾ ನಿಧಾನವಾಗಿ ತಿರುಗುತ್ತಾ ಇರುತ್ತದೆ, ಹಿಂದೆ ಸಣ್ಣಗೆ ಸಂಗೀತ. ನೀಲಿ ಆಕಾಶ, ಹೊಳೆಯುವ ಹಿಮ, ಬಿಸಿಲು. ನಾನು ಅದನ್ನು ಪ್ರವಾಸದ ಜಾಹೀರಾತು ಅಂದುಕೊಂಡಿದ್ದೆ. ಯಾವುದೋ ಒಳ್ಳೆಯ ದಿನ ಹಿಡಿದಿಟ್ಟ ಚಿತ್ರ ಅಂತ. 30ರ ಬೆಳಿಗ್ಗೆ ನಾನು ಶೂ ಲೇಸ್ ಕಟ್ಟುತ್ತಿದ್ದೆ. ಅಮ್ಮ ಟೀವಿ ಮುಂದೆ ಕೂತಿದ್ದವರು, ‘ಇಲ್ಲಿ ನೋಡೋ, ಇದರಲ್ಲಿರೋ ಟೈಮೂ ನನ್ನ ವಾಚಿನ ಟೈಮೂ ಒಂದೇ ಇದೆ’ ಅಂದರು. ತಲೆ ಎತ್ತಿ ನೋಡಿದೆ. ಮೂಲೆಯಲ್ಲಿ ಪುಟ್ಟ ಅಕ್ಷರದಲ್ಲಿ ರಿಗಿ ಅಂತ ಹೆಸರು, ಅವತ್ತಿನ ತಾರೀಖು, 9:12. ನೋಡನೋಡುತ್ತಲೇ 9:13 ಆಯಿತು. ಅದು ಜಾಹೀರಾತಲ್ಲ. ಆ ಹೊತ್ತಿಗೆ ಆ ಬೆಟ್ಟದ ಮೇಲೆ ನಿಜವಾಗಿ ಬಿದ್ದಿದ್ದ ಬಿಸಿಲು. ಚಿತ್ರದ ಕೆಳಗೆ ಹತ್ತಿಯ ಹಾಗೆ ಹರಡಿಕೊಂಡಿದ್ದ ಮೋಡದ ಅಡಿಯಲ್ಲಿ ನಾವಿದ್ದೆವು.

ರಿಗಿ ನಮ್ಮ ಹೋಟೆಲಿನಿಂದ ಒಂದೂವರೆ ಗಂಟೆಯ ದಾರಿ. ಅರ್ತ್-ಗೋಲ್ಡೌ ಅನ್ನುವ ಜಂಕ್ಷನ್‌ಗೆ ಅರ್ಧ ಗಂಟೆ ರೈಲು, ಅಲ್ಲಿಂದ ಬೆಟ್ಟ ಹತ್ತುವ ನೀಲಿ ರೈಲು. ಹಳಿಗಳ ನಡುವೆ ಇನ್ನೊಂದು ಹಲ್ಲಿನ ಹಳಿ ಇರುತ್ತದೆ, ಗಾಡಿಯ ಹಲ್ಲುಚಕ್ರ ಅದಕ್ಕೆ ಕಚ್ಚಿಕೊಂಡು ಏರುತ್ತದೆ. ಇದೇ ಬೆಟ್ಟದ ಇನ್ನೊಂದು ಮಗ್ಗುಲಲ್ಲಿ, ವಿಟ್ಸ್‌ನೌ ಕಡೆಯಿಂದ ಹತ್ತುವ ಹಳಿ 1871ರದ್ದು, ಯೂರೋಪಿನಲ್ಲೇ ಮೊದಲನೆಯದು. ನಮ್ಮ ಜೇಬಿನಲ್ಲಿದ್ದ ಸ್ವಿಸ್ ಟ್ರಾವೆಲ್ ಪಾಸ್‌ನಲ್ಲಿ (ಅಲ್ಲಿನ ರೈಲು, ಬಸ್, ದೋಣಿಗಳಲ್ಲಿ ಓಡಾಡಲು ಪ್ರವಾಸಿಗರು ಕೊಳ್ಳುವ ಒಂದೇ ಟಿಕೆಟ್) ಈ ಪ್ರಯಾಣ ಪೂರ್ತಿ ಸೇರಿದೆ. ಒಂದು ಫ್ರಾಂಕ್ ಕೂಡ ಬೇರೆ ಕೊಡಬೇಕಾಗಿಲ್ಲ. ಆ ಪಾಸ್ ಇಟ್ಟುಕೊಂಡೇ ನಾನು ನನ್ನವರನ್ನು ಎರಡೂವರೆ ದಿನ ಕತ್ತಲಲ್ಲಿ ಸುತ್ತಿಸಿದ್ದೆ.

ರೈಲು ಏರುತ್ತಾ ಹೋಯಿತು. ಮೊದಲು ಕಿಟಕಿಯಾಚೆ ಏನೂ ಇಲ್ಲ. ಆಮೇಲೆ ಬೂದಿ ಬಣ್ಣ ಬಿಳಿಯಾಯಿತು. ಬಿಳಿ ಎಷ್ಟು ಬೆಳಗಿತೆಂದರೆ ಮಗಳು ಕಣ್ಣು ಮುಚ್ಚಿಕೊಂಡಳು. ಒಮ್ಮೆಲೇ ನೀಲಿ. ಡಬ್ಬಿಯಲ್ಲಿದ್ದವರೆಲ್ಲ ‘ಓ’ ಅಂದರು. ಮೇಲೆ, 1798 ಮೀಟರ್ ಎತ್ತರದಲ್ಲಿ, ಕಣ್ಣು ಹಾಯುವಷ್ಟು ದೂರ ಬೆಟ್ಟದ ಸಾಲು. ಕೆಳಗೆ ಲುಸರ್ನ್ ಇರಬೇಕಾದ ಜಾಗದಲ್ಲಿ ಮೋಡದ ಸಮುದ್ರ. ಅಮ್ಮ ಸೀರೆಯ ಮೇಲೆ ತೊಟ್ಟಿದ್ದ ಜಾಕೆಟ್ಟಿನ ತೋಳು ಮೇಲೆಳೆದು, ಗ್ಲೌಸ್ ತೆಗೆದು, ಬೇಲಿಯ ಮೇಲಿನ ಹಿಮವನ್ನು ಬೊಗಸೆಯಲ್ಲಿ ತೆಗೆದುಕೊಂಡರು. ಅದು ಪುಡಿ ಉಪ್ಪಿನ ಹಾಗಿತ್ತು, ಹಿಡಿದರೂ ಉಂಡೆ ಕಟ್ಟುತ್ತಿರಲಿಲ್ಲ. ಕೈ ಕೆಂಪಾಗುವವರೆಗೂ ಬಿಡಲಿಲ್ಲ. ಅಪ್ಪ ಬಿಸಿಲಿಗೆ ಮುಖ ಕೊಟ್ಟು ಬೆಂಚಿನ ಮೇಲೆ ಕೂತವರು ಮೂರು ಗಂಟೆಯವರೆಗೂ ಏಳಲಿಲ್ಲ.

ಈಗ ನನ್ನ ತಪ್ಪು ಏನು ಅಂತ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಓದಿ. ನನಗೆ ಹವಾಮಾನ ಕೈಕೊಟ್ಟಿರಲಿಲ್ಲ. ಆ ಮೂರು ದಿನ ಆ ದೇಶದಲ್ಲಿ ಒಳ್ಳೆಯ ಬಿಸಿಲೇ ಇತ್ತು. ನಾನು ಕೋಣೆ ಮಾಡಿದ ಎತ್ತರ ತಪ್ಪಾಗಿತ್ತು. ಚಳಿಗಾಲದಲ್ಲಿ ಗಾಳಿಯಾಡದ ದಿನ ತಣ್ಣನೆಯ ಗಾಳಿ ಭಾರವಾಗಿ ಕೆಳಗಿಳಿಯುತ್ತದೆ. ಆಲ್ಪ್ಸ್ ಮತ್ತು ಯೂರಾ ಬೆಟ್ಟಗಳ ನಡುವಿನ ತಗ್ಗಿನಲ್ಲಿ, ತಟ್ಟೆಯಲ್ಲಿ ನೀರು ನಿಂತ ಹಾಗೆ ನಿಲ್ಲುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕೂರುತ್ತದೆ. ಒಳಗಿನ ತೇವ ಮಂಜಾಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನವೆಂಬರ್‌ನಿಂದ ಜನವರಿಯವರೆಗೆ ಇದು ಅಲ್ಲಿನವರಿಗೆ ಮಾಮೂಲು, ಒಮ್ಮೊಮ್ಮೆ ದಿನಗಟ್ಟಲೆ ಕರಗುವುದಿಲ್ಲ. ಹೆಚ್ಚಿನ ಸಲ ಸಾವಿರ ಮೀಟರ್ ಆಸುಪಾಸಿಗೆ ಮಂಜು ಮುಗಿಯುತ್ತದೆ. ಅದರ ಮೇಲೆ ಬಿಸಿಲು, ಎಷ್ಟೋ ಸಲ ಕೆಳಗಿನ ಊರಿಗಿಂತ ಬೆಚ್ಚಗೆ ಕೂಡ.

ಬೆಂಗಳೂರೇ 900 ಮೀಟರ್ ಎತ್ತರದಲ್ಲಿದೆ. ಲುಸರ್ನ್ ಅದರ ಅರ್ಧವೂ ಇಲ್ಲ, 436. ಜ್ಯೂರಿಕ್ ಸುಮಾರು 400, ಜಿನೀವಾ 375, ಬರ್ನ್ 540. ಸ್ವಿಟ್ಜರ್ಲೆಂಡ್ ಅಂದರೆ ಎಲ್ಲವೂ ಬೆಟ್ಟದ ಮೇಲೆ ಅಂತ ನಾವು ಅಂದುಕೊಂಡಿರುತ್ತೇವೆ ಅಲ್ವಾ? ದೊಡ್ಡ ಊರುಗಳೆಲ್ಲ ತಗ್ಗಿನಲ್ಲಿವೆ. ಅಲ್ಲಿ ಹಿಮ ಬಿದ್ದರೂ ನಿಲ್ಲುತ್ತದೆ ಅನ್ನುವ ಖಾತ್ರಿಯಿಲ್ಲ. ನಾನು ನೋಡಿದ್ದ ವಿಡಿಯೋಗಳೆಲ್ಲ ಬೇಸಿಗೆಯವು. ಅವುಗಳಲ್ಲಿ ಲುಸರ್ನ್ ಸ್ವರ್ಗದ ಹಾಗಿತ್ತು. ಬೇಸಿಗೆಯಲ್ಲಿ ಅದು ನಿಜವೇ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಐದರಲ್ಲಿ ಯಾವ ಊರು ಅಂತ ಕೇಳಬೇಡಿ. ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ ಅಂತ ನೋಡಿ. ಏಳು ದಿನಕ್ಕೆ ಎರಡೇ ಜಾಗ ಸಾಕು. ಅದರಲ್ಲಿ ಒಂದು 1200 ಮೀಟರ್‌ಗಿಂತ ಮೇಲಿರಲಿ, ನಾಲ್ಕೈದು ರಾತ್ರಿ ಅಲ್ಲೇ ಕಳೆಯಿರಿ. ಅಪ್ಪ ಅಮ್ಮನನ್ನು ದಿನಕ್ಕೊಂದು ಹೋಟೆಲ್ ಬದಲಿಸಿ ಓಡಾಡಿಸಬೇಡಿ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಬೆಳಗಾಗುವುದು ಎಂಟರ ಮೇಲೆ, ಸೂರ್ಯ ಮುಳುಗುವುದು ಐದರೊಳಗೆ. ಸೂಟ್‌ಕೇಸ್ ಎಳೆಯುವುದರಲ್ಲೇ ದಿನ ಮುಗಿಯುತ್ತದೆ.

ನನ್ನ ಕೈಲಿ ಆಯ್ಕೆ ಇದ್ದರೆ ವೆಂಗನ್. ನಾವು ಕೊನೆಯ ಎರಡು ರಾತ್ರಿ ಅಲ್ಲಿದ್ದೆವು, ಎಲ್ಲ ರಾತ್ರಿಯೂ ಅಲ್ಲೇ ಇರಬೇಕಿತ್ತು. 1274 ಮೀಟರ್, ಬಿಸಿಲು ಬೀಳುವ ದಿಣ್ಣೆಯ ಮೇಲಿನ ಊರು. ಕಾರುಗಳಿಲ್ಲ, ರೈಲಿನಲ್ಲೇ ಹೋಗಬೇಕು. ಕೆಳಗಿನ ಲೌಟರ್‌ಬ್ರುನನ್‌ನಿಂದ ಕಾಲು ಗಂಟೆ, ಅಲ್ಲಿಯವರೆಗೂ ಪಾಸ್ ನಡೆಯುತ್ತದೆ. ಲೌಟರ್‌ಬ್ರುನನ್‌ನಲ್ಲೇ ಉಳಿಯಿರಿ ಅಂತ ಎಲ್ಲರೂ ಹೇಳುತ್ತಾರೆ, ಬೇಡ. ಅದು ಎರಡು ಕಡಿದಾದ ಬಂಡೆಗೋಡೆಗಳ ನಡುವಿನ ಕಣಿವೆ. ಚಳಿಗಾಲದಲ್ಲಿ ನೆಲಕ್ಕೆ ಬಿಸಿಲು ಬೀಳುವುದೇ ಸ್ವಲ್ಪ ಹೊತ್ತು. ಇಂಟರ್‌ಲಾಕನ್ ಕೂಡ ಬೇಸಿಗೆಯ ಊರು. ಹಾರ್ಡರ್ ಕುಲ್ಮ್‌ಗೆ ಹತ್ತುವ ಗಾಡಿ, ಶೀನಿಗೆ ಪ್ಲಾಟ್ಟೆ ರೈಲು, ಟ್ರುಮ್ಮೆಲ್‌ಬಾಖ್ ಜಲಪಾತ ಎಲ್ಲ ನಾವು ಹೋದ ಚಳಿಗಾಲದಲ್ಲಿ ಮುಚ್ಚಿದ್ದವು. ಈ ಮೂರೂ ನನ್ನ ಪಟ್ಟಿಯಲ್ಲಿದ್ದವು.

ಯುಂಗ್‌ಫ್ರಾಯೋಖ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಬೆಟ್ಟದ ಮೇಲಿನ ರೈಲು ನಿಲ್ದಾಣ, 3454 ಮೀಟರ್. ಅಪ್ಪನಿಗೆ ಬೀಪಿ ಇದೆ, ನಾನು ಕರೆದೊಯ್ಯಲಿಲ್ಲ, ಬೇಸರವೂ ಇಲ್ಲ. ವೆಂಗನ್‌ನಿಂದ ರೈಲು ಹತ್ತಿ 2061 ಮೀಟರ್‌ನ ಕ್ಲೈನೆ ಶೈಡೆಗ್‌ನಲ್ಲಿ ಇಳಿದರೆ ಐಗರ್ ಬೆಟ್ಟದ ಉತ್ತರದ ಗೋಡೆ ಕಣ್ಣೆದುರೇ ನಿಲ್ಲುತ್ತದೆ. ವೆಂಗನ್‌ನಿಂದ ಮೇಲಕ್ಕೆ ಪಾಸ್ ಇದ್ದವರಿಗೆ ರಿಯಾಯಿತಿ ಮಾತ್ರ, ಟಿಕೆಟ್ ಬೇರೆ. ನಿಮ್ಮವರನ್ನು ಮೇಲೆ ಕರೆದೊಯ್ಯಲೇಬೇಕು ಅಂದರೆ ಮೊದಲು ಅವರ ಡಾಕ್ಟರನ್ನು ಕೇಳಿ. ಮತ್ತೆ, ತಿಂಗಳ ಮುಂಚೆಯೇ ದಿನ ಗೊತ್ತು ಮಾಡಿ ದುಬಾರಿ ಬೆಟ್ಟದ ಟಿಕೆಟ್ ತೆಗೆದಿಡಬೇಡಿ. ಬೆಳಿಗ್ಗೆ ಏಳುತ್ತಲೇ ಆ ಬೆಟ್ಟದ ಕ್ಯಾಮೆರಾ ನೋಡಿ, ಫೋನಿನಲ್ಲೂ ಸಿಗುತ್ತದೆ. ಎಂಟರ ಹೊತ್ತಿಗೆ ಬೆಳಕು ಬರುತ್ತದೆ, ತಿಂಡಿ ತಿನ್ನುತ್ತಾ ತೀರ್ಮಾನ ಮಾಡಿ.

ಮೇಲೂ ಮೋಡ, ಕೆಳಗೂ ಮೋಡ ಅನ್ನುವ ದಿನವೂ ಬರುತ್ತದೆ. ಆಗ ಬೆಟ್ಟಗಳ ಆಚೆ ಹೋಗಿ. ಡಿಸೆಂಬರ್ 31ಕ್ಕೆ ನಾವು ಲುಸರ್ನ್‌ನಿಂದ ಲುಗಾನೋಗೆ ಹೋದೆವು, ಸುಮಾರು ಎರಡು ಗಂಟೆ. ನಡುವೆ 57 ಕಿಲೋಮೀಟರ್ ಉದ್ದದ ಗೊಟ್ಟಾರ್ಡ್ ಸುರಂಗ, 2016ರಲ್ಲಿ ತೆರೆದದ್ದು. ಹೊಕ್ಕಾಗ ಮಬ್ಬು, ಇಪ್ಪತ್ತು ನಿಮಿಷ ಕತ್ತಲು, ಹೊರಗೆ ಬಂದಾಗ ಬಿಸಿಲು. ಲುಗಾನೋ ಕೆರೆ ದಂಡೆಯಲ್ಲಿ ತಾಳೆಯ ಜಾತಿಯ ಮರಗಳು, ಜನರ ಬಾಯಲ್ಲಿ ಇಟಾಲಿಯನ್. ವೆಂಗನ್‌ನಿಂದ ಅದು ದೂರ ಆಗುತ್ತದೆ. ನಿಮ್ಮ ಎರಡನೇ ಜಾಗವಾಗಿ ಲುಸರ್ನ್‌ನಲ್ಲಿ ಎರಡು ರಾತ್ರಿ ಇಟ್ಟುಕೊಂಡರೆ ರಿಗಿಗೂ ಇದಕ್ಕೂ ಅನುಕೂಲ. ಊರು ಚೆಂದವೇ ಇದೆ, ನಾನು ಇದ್ದದ್ದು ಜಾಸ್ತಿ ಆಯಿತು ಅಷ್ಟೇ.

ಜರ್ಮಾಟ್ ಕೂಡ ಎತ್ತರದ್ದೇ, 1600 ಮೀಟರ್. ವೆಂಗನ್ ಬೇಡ ಅನ್ನಿಸಿದರೆ ಅದನ್ನು ಇಟ್ಟುಕೊಳ್ಳಿ. ಎರಡನ್ನೂ ತುರುಕಬೇಡಿ. ವಿಮಾನದ ಹಿಂದಿನ ರಾತ್ರಿ ಮಾತ್ರ ಅಲ್ಲಿರಬೇಡಿ. 2018ರ ಜನವರಿಯಲ್ಲಿ ಭಾರಿ ಹಿಮ ಬಿದ್ದು ರಸ್ತೆ, ರೈಲು ಎರಡೂ ನಿಂತು ಸುಮಾರು 13,000 ಪ್ರವಾಸಿಗರು ಅಲ್ಲೇ ಸಿಕ್ಕಿಕೊಂಡಿದ್ದರು. ಜಿನೀವಾ ಬಿಡಿ. ಜ್ಯೂರಿಕ್‌ನಲ್ಲಿ ಇಳಿದು ಹತ್ತಿದರೆ ಸಾಕು.

ಇನ್ನು ಸಣ್ಣಪುಟ್ಟವು. ಜನವರಿ 1ಕ್ಕೆ ಅಂಗಡಿ ಮುಚ್ಚಿರುತ್ತವೆ, ಹಲವು ಕಡೆ 2ಕ್ಕೂ. ದೊಡ್ಡ ಸ್ಟೇಷನ್‌ಗಳ ಒಳಗಿನ ಅಂಗಡಿಗಳು ತೆರೆದಿರುತ್ತವೆ. ಅಡುಗೆಮನೆ ಇರುವ ಮನೆ ಹಿಡಿಯಿರಿ. ಕೂಪ್, ಮಿಗ್ರೋಸ್ ಅನ್ನುವ ಸೂಪರ್‌ಮಾರ್ಕೆಟ್‌ಗಳಲ್ಲಿ ಅಕ್ಕಿ, ಮೊಸರು, ತರಕಾರಿ ಸಿಗುತ್ತದೆ, ಸಾರಿನ ಪುಡಿ ಊರಿಂದ ಒಯ್ಯಿರಿ. ಸಂಜೆ ಬಿಸಿ ಅನ್ನ ಸಾರು ಸಿಕ್ಕರೆ ಹಿರಿಯರು ಮರುದಿನ ಹೊರಡಲು ಹಿಂದೆಮುಂದೆ ನೋಡುವುದಿಲ್ಲ. ಶೂಗಳ ಕೆಳಗೆ ಸಿಕ್ಕಿಸುವ ಮುಳ್ಳಿನ ರಬ್ಬರ್ ಪಟ್ಟಿ ಅಲ್ಲಿನ ಕ್ರೀಡಾ ಅಂಗಡಿಗಳಲ್ಲಿ ಸಿಗುತ್ತದೆ. ಹೋದ ಮೊದಲ ದಿನವೇ ಅಪ್ಪ ಅಮ್ಮ ಇಬ್ಬರಿಗೂ ಕೊಡಿಸಿ. ಗಟ್ಟಿಯಾದ ಹಿಮದ ಮೇಲೆ ಅಪ್ಪ ಜಾರಿದ್ದನ್ನು ನಾನು ನೋಡಿದ್ದೇನೆ, ಪುಣ್ಯಕ್ಕೆ ಕೈ ಹಿಡಿದಿದ್ದೆ. ಮಗುವಿಗೆ ಪಾಸ್ ಕೊಳ್ಳಬೇಡಿ. ನೀವು ಪಾಸ್ ತೆಗೆಯುವಾಗ ಫ್ಯಾಮಿಲಿ ಕಾರ್ಡ್ ಕೇಳಿದರೆ 16ರೊಳಗಿನ ಮಕ್ಕಳು ತಮ್ಮ ಹೆತ್ತವರ ಜೊತೆ ಪುಕ್ಕಟೆ.

ಕೋಣೆ ಆಗಲೇ ಮಾಡಿದ್ದೇವೆ ಅಂತ ಬರೆದಿದ್ದೀರಿ. ರದ್ದು ಮಾಡಲು ಕೊನೆಯ ತಾರೀಖು ಯಾವುದು ಅಂತ ಇವತ್ತೇ ತೆಗೆದು ನೋಡಿ. ವೀಸಾಕ್ಕೆ ಹಾಕುವ ಮುಂಚೆ ಬದಲಿಸಿಬಿಟ್ಟರೆ ಕಾಗದಗಳನ್ನೂ ಮತ್ತೆ ತಿದ್ದುವ ಕೆಲಸ ಇರುವುದಿಲ್ಲ. ವೆಂಗನ್‌ನಲ್ಲಿ ಹೊಸ ವರ್ಷದ ವಾರ ಕೋಣೆ ಬೇಗ ತುಂಬುತ್ತದೆ. ಅಲ್ಲಿ ಸಿಗದಿದ್ದರೆ ಕಣಿವೆಯ ಎದುರು ಮಗ್ಗುಲಿನ ಮ್ಯೂರನ್ ನೋಡಿ. ಅದು ಇನ್ನೂ ಎತ್ತರ, 1638 ಮೀಟರ್.