ಕೇಸರಿ ಯಾರದು, ಹಸಿರು ಯಾರದು?

ಓದುಗರ ಪತ್ರ: ನಾನು ಹೈಸ್ಕೂಲ್ ಟೀಚರ್. ನಮ್ಮ ಬಾವುಟದಲ್ಲಿ ಕೇಸರಿ ಹಿಂದೂಗಳದ್ದು, ಹಸಿರು ಮುಸ್ಲಿಮರದ್ದು, ಬಿಳಿ ಉಳಿದವರದ್ದು ಅಂತ ನಮಗೆ ಹೇಳಿಕೊಟ್ಟಿದ್ದರು. ಈಗಿನ ಪಾಠದಲ್ಲಿ ತ್ಯಾಗ, ಶಾಂತಿ, ಸಮೃದ್ಧಿ ಅಂತಿದೆ. ಯಾವುದು ಸರಿ ಅಂತ ಮಕ್ಕಳು ಕೇಳುತ್ತಾರೆ. ಚಕ್ರದ 24 ಕಡ್ಡಿಗಳಿಗೆ 24 ಗುಣಗಳ ಪಟ್ಟಿಯೊಂದು ವಾಟ್ಸಾಪ್‌ನಲ್ಲಿ ಬಂದಿದೆ. ಅದು ನಿಜವೇ? ಶಾಲೆಯ ಬೀರುವಿನಲ್ಲಿ ಒಂದು ಹಳೇ ಖಾದಿ ಬಾವುಟ ಹರಿದು ಬಿದ್ದಿದೆ. ಅದನ್ನೇನು ಮಾಡಲಿ?

ಸಂಪಾದಕರ ಉತ್ತರ: ನಮಸ್ಕಾರ ಮೇಡಂ. ನಿಮಗೆ ಹೇಳಿಕೊಟ್ಟದ್ದು ಯಾರೋ ಸುಮ್ನೆ ಕಟ್ಟಿದ ಮಾತಲ್ಲ. ಒಂದು ಕಾಲಕ್ಕೆ ಬಾವುಟಕ್ಕೆ ಹೆಚ್ಚುಕಮ್ಮಿ ಅದೇ ಅರ್ಥ ಇತ್ತು. ಆಮೇಲೆ ನಮ್ಮ ಹಿರಿಯರು ಕೂತು, ಜಗಳಾಡಿ, ಬೇಕಂತಲೇ ಅದನ್ನು ಕೈಬಿಟ್ಟರು. ಮಕ್ಕಳಿಗೆ ಈ ಕತೆಯನ್ನೇ ಹೇಳಿ.

1921ರಲ್ಲಿ ಬೆಜವಾಡದಲ್ಲಿ (ಈಗಿನ ವಿಜಯವಾಡ) ಪಿಂಗಳಿ ವೆಂಕಯ್ಯ ಗಾಂಧೀಜಿಗೆ ತೋರಿಸಿದ ಬಾವುಟದಲ್ಲಿ ಕೇಸರಿ ಇರಲಿಲ್ಲ. ಇದ್ದದ್ದು ಕೆಂಪು ಮತ್ತು ಹಸಿರು. ಚರಕ ಇರಲಿ ಅಂದವರು ಜಲಂಧರದ ಲಾಲಾ ಹಂಸರಾಜ್. ಬಿಳಿ ಸೇರಿಸಿದ್ದು ಗಾಂಧೀಜಿ. ಕೆಂಪು ಹಿಂದೂಗಳಿಗೆ, ಹಸಿರು ಮುಸ್ಲಿಮರಿಗೆ, ಬಿಳಿ ಉಳಿದೆಲ್ಲರಿಗೆ. ಆಗ ಬಿಳಿಯೇ ಎಲ್ಲಕ್ಕಿಂತ ಮೇಲಿತ್ತು. ಕಡಿಮೆ ಸಂಖ್ಯೆಯವರಿಗೆ ಮೊದಲ ಜಾಗ ಅನ್ನುವುದು ಗಾಂಧೀಜಿಯ ಆಸೆ. ನನಗೆ ಇವತ್ತಿಗೂ ತುಂಬ ಇಷ್ಟವಾಗುವ ಯೋಚನೆ ಇದು.

ಆದರೆ ಬಣ್ಣವನ್ನು ಪಾಲು ಹಂಚಿದ ಹಾಗೆ ಹಂಚಿದರೆ, ಪಾಲು ಸಿಗದವರು ಕೇಳಿಯೇ ಕೇಳುತ್ತಾರೆ ಅಲ್ವಾ? ಸಿಖ್ಖರು ತಮ್ಮ ಬಣ್ಣವೂ ಬೇಕು ಅಂದರು. ಅದರಲ್ಲಿ ತಪ್ಪೇನೂ ಇರಲಿಲ್ಲ. 1931ರಲ್ಲಿ ಕಾಂಗ್ರೆಸ್ ಏಳು ಜನರ ಸಮಿತಿ ಮಾಡಿತು. ಪಟೇಲ್, ನೆಹರೂ, ಆಜಾದ್, ಮಾಸ್ಟರ್ ತಾರಾ ಸಿಂಗ್, ಕಾಕಾ ಕಾಲೇಲ್ಕರ್, ಪಟ್ಟಾಭಿ ಸೀತಾರಾಮಯ್ಯ, ಜೊತೆಗೆ ನಮ್ಮ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್. ಇಡೀ ಬಾವುಟ ಕೇಸರಿ ಇರಲಿ, ಮೂಲೆಯಲ್ಲಿ ಚರಕ ಇರಲಿ ಅಂತ ಸಮಿತಿ ಹೇಳಿತು. ಕಾಂಗ್ರೆಸ್ ಒಪ್ಪಲಿಲ್ಲ. ಆ ಆಗಸ್ಟ್‌ನಲ್ಲಿ ಮೇಲೆ ಕೇಸರಿ, ನಡುವೆ ಚರಕವಿರುವ ಬಿಳಿ, ಕೆಳಗೆ ಹಸಿರು ಅಂತ ತೀರ್ಮಾನವಾಯಿತು. ಈ ಬಣ್ಣಗಳಿಗೆ ಮತಧರ್ಮದ ಅರ್ಥ ಇಲ್ಲ ಅಂತಲೂ ಸ್ಪಷ್ಟವಾಗಿ ಬರೆದಿಟ್ಟರು. ಕೇಸರಿ ಧೈರ್ಯ ಮತ್ತು ತ್ಯಾಗಕ್ಕೆ, ಬಿಳಿ ಸತ್ಯ ಮತ್ತು ಶಾಂತಿಗೆ, ಹಸಿರು ನಂಬಿಕೆ ಮತ್ತು ಶೌರ್ಯಕ್ಕೆ. ಸಮೃದ್ಧಿ ಅನ್ನುವ ಅರ್ಥ ಬಂದದ್ದು ಆಮೇಲೆ.

ಮೈಸೂರು ಸಂಸ್ಥಾನದ ಜನ 1938ರಲ್ಲಿ ಹಿಡಿದದ್ದು ಚರಕದ ಈ ಬಾವುಟವನ್ನೇ. ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ನಿಷೇಧ ಮುರಿದು ಹಾರಿಸಿದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಇದೇ ಬಾವುಟಕ್ಕಾಗಿ ಸೇರಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಬಣ್ಣಗಳ ಅರ್ಥ ಹೇಳುವಾಗ ಈ ಎರಡು ಊರುಗಳ ಹೆಸರನ್ನು ಮಕ್ಕಳಿಗೆ ಹೇಳದೆ ಇರಬೇಡಿ.

ಈಗ ಚಕ್ರದ ವಿಚಾರ. 1947ರ ಜುಲೈ 22ರಂದು ಸಂವಿಧಾನ ಸಭೆಯಲ್ಲಿ ನೆಹರೂ ನಿರ್ಣಯ ಮಂಡಿಸಿದಾಗ ಚರಕದ ಜಾಗಕ್ಕೆ ಸಾರನಾಥದ ಅಶೋಕ ಸ್ತಂಭದ ಚಕ್ರ ಬಂತು. ಕಾರಣ ಸರಳ. ಚರಕದ ಒಂದು ಕಡೆ ಚಕ್ರ, ಇನ್ನೊಂದು ಕಡೆ ನೂಲು ಸುತ್ತುವ ಕದಿರು. ಬಾವುಟದ ಹಿಂಬದಿಯಿಂದ ನೋಡಿದರೆ ಚಿತ್ರ ತಿರುಗುಮುರುಗು. ಬರೀ ಚಕ್ರವಾದರೆ ಎರಡೂ ಕಡೆ ಒಂದೇ. ಗಾಂಧೀಜಿಗೆ ಇದರಿಂದ ನೋವಾಯಿತು. ಚರಕ ಇಲ್ಲದ ಬಾವುಟಕ್ಕೆ ವಂದಿಸಲಾರೆ ಅಂತಲೇ ಬರೆದರು. ರಾಧಾಕೃಷ್ಣನ್ ಅವರು ಸಭೆಯಲ್ಲಿ, ಚಕ್ರ ಅಂದರೆ ಧರ್ಮ, ಚಕ್ರ ಅಂದರೆ ಚಲನೆ ಅಂತ ವಿವರಿಸಿದರು. ಆದರೆ ಕಡ್ಡಿಗೊಂದು ಗುಣ ಅಂತ ನಿರ್ಣಯದಲ್ಲಿ ಎಲ್ಲೂ ಇಲ್ಲ. ವಾಟ್ಸಾಪ್ ಪಟ್ಟಿಯಲ್ಲಿರುವ ಗುಣಗಳೆಲ್ಲ ಒಳ್ಳೆಯವೇ ಇರಬಹುದು. ಪರೀಕ್ಷೆಯಲ್ಲಿ ಮಾತ್ರ ಕೇಳಬೇಡಿ.

ಆ 'ಎರಡೂ ಕಡೆ' ಅನ್ನುವ ಮಾತು ನನಗೆ ಪೂರ್ತಿ ಅರ್ಥವಾದದ್ದು ಹುಬ್ಬಳ್ಳಿಯ ಬೆಂಗೇರಿಯಲ್ಲಿ. ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ಅಲ್ಲಿ ಬಾವುಟ ತಯಾರಿಸುತ್ತಾರೆ. ಕೆಲಸಗಾರರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಚಕ್ರವನ್ನು ಬಿಳಿ ಬಟ್ಟೆಯ ಎರಡೂ ಬದಿಗೆ ಅಚ್ಚು ಹಾಕುತ್ತಾರೆ. ಒಬ್ಬರು ಬಟ್ಟೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಮುಂದಿನ ಕಡ್ಡಿಯ ಮೇಲೆ ಹಿಂದಿನ ಕಡ್ಡಿ ಸರಿಯಾಗಿ ಕೂತಿತ್ತು. ಒಂಚೂರು ಸರಿದರೂ ಆ ಬಟ್ಟೆ ಬಾವುಟವಾಗುವುದಿಲ್ಲ. 6 ಇಂಚಿನ ಮೇಜಿನ ಬಾವುಟದಿಂದ 21 ಅಡಿಯ ದೊಡ್ಡ ಬಾವುಟದವರೆಗೆ ಇದೇ ಕಟ್ಟುನಿಟ್ಟು. 2021ರ ಡಿಸೆಂಬರ್‌ನಲ್ಲಿ ನಿಯಮ ಬದಲಾಗಿ, ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಬಾವುಟಕ್ಕೂ ಅನುಮತಿ ಸಿಕ್ಕಿತು. ಮನೆಮನೆಗೆ ಬಾವುಟ ಸುಲಭವಾಗಿ ಸಿಗುತ್ತದೆ, ಅದು ಸಂತೋಷವೇ. ಆದರೂ ಕೈನೂಲಿನ ಬಟ್ಟೆ ಹಿಂದೆ ಸರಿದದ್ದು ನನಗೆ ಬೇಸರ ತಂದಿದೆ.

ಕೊನೆಗೆ ನಿಮ್ಮ ಬೀರುವಿನ ಬಾವುಟ. ಹರಿದದ್ದನ್ನು ಮತ್ತೆ ಹಾರಿಸಬಾರದು. ಒರೆಸುವ ಬಟ್ಟೆಯಾಗಿಯೋ ಹೊದಿಕೆಯಾಗಿಯೋ ಬಳಸಬಾರದು. ಜನರೆದುರು ಅಲ್ಲದೆ, ಗೌರವದಿಂದ, ಒಂದು ಚೂರೂ ಉಳಿಯದ ಹಾಗೆ ವಿಲೇವಾರಿ ಮಾಡಬೇಕು. ಸುಡುವುದು ಒಳ್ಳೆಯದು ಅಂತ ಧ್ವಜ ಸಂಹಿತೆಯೇ ಹೇಳುತ್ತದೆ. ಅದಕ್ಕೂ ಮೊದಲು ಒಮ್ಮೆ ಮಕ್ಕಳನ್ನು ಕರೆದು, ಕಿಟಕಿಯ ಬೆಳಕಿಗೆ ಹಿಡಿದು ಆ ಚಕ್ರವನ್ನು ತೋರಿಸಿ.