ರೆಡ್‌ವುಡ್ ಕಾಡಿನಲ್ಲಿ ಟೆಂಟ್ ಹಾಕಬೇಕು, ಜಾಗ ಎಲ್ಲಿ?

ಈ ಸಲ ಒಂದೇ ಕಾಡಿನ ಬಗ್ಗೆ ಮೂರು ಪತ್ರಗಳು ಬಂದಿವೆ. ಒಂದು ಡೊಂಬಿವಲಿಯಿಂದ, ಒಂದು ಪುಣೆಯಿಂದ, ಇನ್ನೊಂದು ಗೋವಾದ ವಾಸ್ಕೋದಿಂದ. ಮೂರೂ ಮನೆಯವರು ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದಾರೆ. ಎಲ್ಲರಿಗೂ ಅಲ್ಲಿನ ಕಡಲ ತೀರದ ರೆಡ್‌ವುಡ್ ಮರಗಳ ಕೆಳಗೆ ಮಲಗಿ ಏಳುವ ಆಸೆ. ನಾನು ಆ ಕಾಡಿಗೆ ಎರಡು ಸಲ ಹೋಗಿ ಬಂದಿದ್ದೇನೆ, ಇನ್ನೊಂದು ಸಲ ಹೋಗಬೇಕು ಅಂತ ಈಗಲೂ ಅನಿಸುತ್ತದೆ. ಅದಕ್ಕೇ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇಡೀ ಅಂಕಣವನ್ನು ಇದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ಮಗ ಸ್ಯಾನ್ ಹೋಸೆಯಲ್ಲಿದ್ದಾನೆ. ಮುಂದಿನ ಜುಲೈ ತಿಂಗಳು ಅವನ ಮನೆಯಲ್ಲಿರುತ್ತೇವೆ. ನನಗೆ 66 ವರ್ಷ, ಮನೆಯವಳಿಗೆ ಮಂಡಿನೋವು. ಮ್ಯೂರ್ ವುಡ್ಸ್ ನೋಡಿಕೊಂಡು ಸಂಜೆಗೆ ವಾಪಸ್ ಬಂದುಬಿಡೋಣ ಅಂತಾನೆ ಮಗ. ನಮಗೆ ಒಂದು ರಾತ್ರಿಯಾದರೂ ಕಾಡಿನಲ್ಲೇ ಇರಬೇಕು. ಈ ವಯಸ್ಸಿಗೆ ಆಗುತ್ತಾ? — ಡೊಂಬಿವಲಿಯ ಓದುಗರು

ಉತ್ತರ: ಖಂಡಿತ ಆಗುತ್ತದೆ ಸರ್. ಮಗ ಹೇಳುವುದರಲ್ಲೂ ತಪ್ಪಿಲ್ಲ, ಮ್ಯೂರ್ ವುಡ್ಸ್ ಚೆನ್ನಾಗಿದೆ. ಆದರೆ ಅಲ್ಲಿ ಟೆಂಟ್ ಹಾಕಲು ಬಿಡುವುದಿಲ್ಲ, ಕಾರು ನಿಲ್ಲಿಸಲು ಕೂಡ ಮೊದಲೇ ಬುಕ್ ಮಾಡಿರಬೇಕು. ರಾತ್ರಿ ಉಳಿಯಬೇಕು ಅಂದರೆ ಬೇರೆ ಕಡೆ ನೋಡಬೇಕು.

ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ, ಯಾಕೆಂದರೆ ಈ ತಪ್ಪು ಬಹಳ ಜನ ಮಾಡುತ್ತಾರೆ. ಫೋಟೋಗಳಲ್ಲಿ ಕಾಣುವ ದೈತ್ಯ ದಪ್ಪದ ಸೆಕೋಯಾ ಮರಗಳು ಇವಲ್ಲ. ಅವು ಇರುವುದು ಒಳನಾಡಿನ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ, ದಾರಿಯೇ ಬೇರೆ. ಕಡಲ ತೀರದ ರೆಡ್‌ವುಡ್ ದಪ್ಪದಲ್ಲಿ ಅದಕ್ಕಿಂತ ಕಡಿಮೆ, ಎತ್ತರದಲ್ಲಿ ಜಾಸ್ತಿ. ಒರೆಗಾನ್ ರಾಜ್ಯದ ಮೂಲೆಯಿಂದ ಕೆಳಗೆ ಬಿಗ್ ಸರ್ ತನಕ, ಸುಮಾರು 700 ಕಿಲೋಮೀಟರ್ ಉದ್ದಕ್ಕೆ ಒಂದು ಸಣ್ಣ ಪಟ್ಟಿಯ ಹಾಗೆ ಬೆಳೆದಿದೆ. ಸಮುದ್ರದ ಮಂಜು ಎಲ್ಲಿಯವರೆಗೆ ಬರುತ್ತದೋ ಹೆಚ್ಚುಕಡಿಮೆ ಅಲ್ಲಿಯವರೆಗೆ. ಪಟ್ಟಿ ಇಷ್ಟು ಉದ್ದ ಇರುವುದರಿಂದ ನಿಮ್ಮ ಮಗನ ಮನೆಯ ಹತ್ತಿರವೂ ಕಾಡು ಸಿಗುತ್ತದೆ.

ಸ್ಯಾನ್ ಹೋಸೆಯಿಂದ ಗಂಟೆಯೊಳಗೆ ಮುಟ್ಟುವುದು ಫೆಲ್ಟನ್ ಊರಿನ ಹೆನ್ರಿ ಕೋವೆಲ್ ಪಾರ್ಕ್. ಒಂದು ವಿಷಯ ಗೊತ್ತಿರಲಿ, ಅಲ್ಲಿ ಟೆಂಟ್ ಹಾಕುವ ಜಾಗ ದಿಣ್ಣೆಯ ಮೇಲಿದೆ, ಹಳೆಯ ರೆಡ್‌ವುಡ್‌ಗಳು ಇರುವುದು ಬೇರೆ ಗೇಟಿನ ಕಡೆ. ಕಾರಿನಲ್ಲಿ ಹೋಗಿ ನೋಡಬೇಕು. ಆ ತೋಪಿನ ದಾರಿ ಸಮತಟ್ಟಾಗಿದೆ, ಸುತ್ತು ಚಿಕ್ಕದು, ಮಂಡಿನೋವಿನವರಿಗೂ ಕಷ್ಟವಾಗುವುದಿಲ್ಲ. ಮರದ ಕೆಳಗೇ ಮಲಗಬೇಕು ಅಂದರೆ ಪೋರ್ಟೋಲಾ ರೆಡ್‌ವುಡ್ಸ್ ಇದೆ. ಚಿಕ್ಕದು, ತುಂಬಾ ಶಾಂತ, ಫೋನ್ ಸಿಗ್ನಲ್ ಇಲ್ಲ, ದಾರಿ ಮಾತ್ರ ನಮ್ಮ ಆಂಬೋಲಿ ಘಾಟಿನ ಹಾಗೆ ತಿರುವು ತಿರುವು. ಎರಡು ಗಂಟೆ ದೂರ ಆದರೂ ಪರವಾಗಿಲ್ಲ ಅನ್ನುವುದಾದರೆ ಫೈಫರ್ ಬಿಗ್ ಸರ್. ನದಿಯ ಪಕ್ಕದಲ್ಲೇ ಟೆಂಟ್ ಹಾಕಬಹುದು, ಮೇಲೆ ರೆಡ್‌ವುಡ್. ಅಲ್ಲಿಗೆ ಹೋಗುವ ಕಡಲಂಚಿನ ರಸ್ತೆಯಲ್ಲಿ ಗುಡ್ಡ ಜರಿಯುವುದು ಸಾಮಾನ್ಯ, ಹೊರಡುವ ಮುಂಚೆ ರಸ್ತೆ ತೆರೆದಿದೆಯಾ ಅಂತ ಮಗನ ಕೈಲಿ ನೋಡಿಸಿ.

ಬಿಗ್ ಬೇಸಿನ್ ಹೆಸರನ್ನೂ ಯಾರಾದರೂ ಹೇಳಬಹುದು. 1902ರಲ್ಲಿ ಶುರುವಾದ, ಆ ರಾಜ್ಯದ ಮೊದಲ ಸ್ಟೇಟ್ ಪಾರ್ಕ್ ಅದು. 2020ರ ಆಗಸ್ಟ್‌ನಲ್ಲಿ ಬೆಂಕಿ ಬಿದ್ದು ಕಟ್ಟಡ, ಕ್ಯಾಂಪ್ ಎಲ್ಲ ಸುಟ್ಟುಹೋದವು. 2022ರಲ್ಲಿ ಹಗಲು ನೋಡುವವರಿಗೆ ಮತ್ತೆ ತೆರೆದರು. ಮರಗಳು ಮಾತ್ರ ಬಹುಪಾಲು ಬದುಕಿಕೊಂಡವು. ರೆಡ್‌ವುಡ್ ತೊಗಟೆ ಒಂದಡಿ ದಪ್ಪದವರೆಗೂ ಇರುತ್ತದೆ, ಒಳಗಿನ ಜೀವ ಬೇಗ ಸಾಯುವುದಿಲ್ಲ. ಕರಿ ಹಿಡಿದ ಕಾಂಡದ ಉದ್ದಕ್ಕೂ ಹಸಿರು ಚಿಗುರು ಮುತ್ತಿಕೊಂಡಿರುವುದನ್ನು ನೋಡಿದಾಗ ನನಗೆ ಮಾತೇ ಬರಲಿಲ್ಲ. ಒಂದು ಹಗಲು ಅದಕ್ಕೂ ಇಟ್ಟುಕೊಳ್ಳಿ.

ನಿಜವಾದ ದೊಡ್ಡ ಕಾಡು ಬೇಕು ಅಂದರೆ ಉತ್ತರಕ್ಕೇ ಹೋಗಬೇಕು. ನನ್ನನ್ನು ಕೇಳಿದರೆ ಕ್ರೆಸೆಂಟ್ ಸಿಟಿ ಹತ್ತಿರದ ಜೆಡೆಡಾಯ ಸ್ಮಿತ್ ಪಾರ್ಕ್ ಅನ್ನುತ್ತೇನೆ. ಸ್ಮಿತ್ ನದಿಯ ದಂಡೆ, ಹಳೆಯ ಕಾಡಿನ ಮಧ್ಯದಲ್ಲೇ ಟೆಂಟ್ ಜಾಗ. ನೆಲದ ಮೇಲೆ ಮಲಗುವುದು ಆಗದು ಅನ್ನುವವರಿಗೆ ಅಲ್ಲೂ, ದಕ್ಷಿಣಕ್ಕಿರುವ ಎಲ್ಕ್ ಪ್ರೇರಿಯಲ್ಲೂ ಕೆಲವು ಮರದ ಕ್ಯಾಬಿನ್‌ಗಳಿವೆ. ಒಳಗೆ ಮಂಚ, ಲೈಟು, ಹೀಟರ್ ಇರುತ್ತದೆ, ಹಾಸಿಗೆ ಹೊದಿಕೆ ನಾವೇ ಒಯ್ಯಬೇಕು. ನಿಮ್ಮಿಬ್ಬರಿಗೆ ಇದು ಸರಿಹೋಗುತ್ತದೆ. ಸ್ಯಾನ್ ಹೋಸೆಯಿಂದ ಕಾರಿನಲ್ಲಿ ಇಡೀ ದಿನದ ದಾರಿ, ಒಂದೇ ಓಟಕ್ಕೆ ಹೋಗಬೇಡಿ. ನಡುವೆ ಹಂಬೋಲ್ಟ್ ರೆಡ್‌ವುಡ್ಸ್ ಪಾರ್ಕಿನ ಬರ್ಲಿಂಗ್ಟನ್ ಕ್ಯಾಂಪಿನಲ್ಲಿ ಒಂದು ರಾತ್ರಿ ನಿಲ್ಲಿ. ಪಕ್ಕದಲ್ಲೇ 50 ಕಿಲೋಮೀಟರ್ ಉದ್ದದ ‘ಅವೆನ್ಯೂ ಆಫ್ ದ ಜೈಂಟ್ಸ್’ ರಸ್ತೆ, ಹತ್ತಿರದಲ್ಲೇ ಫೌಂಡರ್ಸ್ ಗ್ರೋವ್. ಅಲ್ಲಿ 1991ರಲ್ಲಿ ಉರುಳಿದ ಡೈಯರ್‌ವಿಲ್ ಜೈಂಟ್ ಇವತ್ತಿಗೂ ಹಾಗೇ ಮಲಗಿದೆ. ಅದರ ಬೇರಿನ ಕಡೆ ಹೋಗಿ ನಿಂತುಕೊಳ್ಳಿ. ಅಷ್ಟು ಎತ್ತರದ ಮರಕ್ಕೆ ತಾಯಿಬೇರೇ ಇಲ್ಲ. ಬೇರುಗಳು ಎರಡು ಮೂರು ಮೀಟರ್ ಆಳಕ್ಕೆ ಮಾತ್ರ ಇಳಿದು, ಪಕ್ಕದ ಮರಗಳ ಬೇರಿನ ಜೊತೆ ಹೆಣೆದುಕೊಂಡು ನಿಲ್ಲುತ್ತವೆ.

ಈಗ ಬುಕಿಂಗ್. ಇದೊಂದನ್ನು ತಡಮಾಡಬೇಡಿ. ಈ ಪಾರ್ಕುಗಳ ಜಾಗ ‘ರಿಸರ್ವ್ ಕ್ಯಾಲಿಫೋರ್ನಿಯಾ’ ಅನ್ನುವ ಸರ್ಕಾರಿ ತಾಣದಲ್ಲಿ ಆರು ತಿಂಗಳು ಮೊದಲೇ ತೆರೆಯುತ್ತದೆ, ಅಲ್ಲಿನ ಬೆಳಿಗ್ಗೆ 8 ಗಂಟೆಗೆ. ಜುಲೈ ತಾರೀಖಿಗೆ ಜನವರಿಯಲ್ಲಿ ಬುಕ್ ಮಾಡಬೇಕು, ಆಗ ನಮ್ಮಲ್ಲಿ ರಾತ್ರಿ 9.30 ಆಗಿರುತ್ತದೆ. ಅಂದರೆ ಡೊಂಬಿವಲಿಯಲ್ಲಿ ಊಟ ಮುಗಿಸಿ ನೀವೇ ಕೂತು ಮಾಡಬಹುದು, ಮಗನ ಆಫೀಸು ಕೆಡಿಸುವುದು ಬೇಡ. ಶುಕ್ರವಾರ, ಶನಿವಾರ ಬಿಟ್ಟು ವಾರದ ನಡುವಿನ ದಿನ ಹುಡುಕಿ. ಸಿಗಲಿಲ್ಲ ಅಂದರೆ ಆಸೆ ಬಿಡಬೇಡಿ. ಜನ ರದ್ದು ಮಾಡುತ್ತಲೇ ಇರುತ್ತಾರೆ, ದಿನಕ್ಕೊಂದು ಸಲ ನೋಡುತ್ತಿದ್ದರೆ ಸಿಗುತ್ತದೆ.

ಇನ್ನೊಂದು ಮಾತು, ಚಳಿ. ಜುಲೈ ಅಂದರೆ ಬೇಸಿಗೆ ಅಲ್ವಾ ಅಂತ ನಾನು ಮೊದಲ ಸಲ ಬರೀ ಕಾಟನ್ ಬಟ್ಟೆ ಒಯ್ದಿದ್ದೆ. ರಾತ್ರಿ ಹಲ್ಲು ಕಟಕಟ. ಮಧ್ಯರಾತ್ರಿ ಟೆಂಟಿನ ಮೇಲೆ ಟಪಟಪ ಸದ್ದು, ಮಳೆ ಬಂತು ಅಂತ ಎದ್ದು ನೋಡಿದರೆ ಹತ್ತು ಹೆಜ್ಜೆ ಆಚೆ ಬಯಲಿನಲ್ಲಿ ಹನಿಯೂ ಇಲ್ಲ. ಸಮುದ್ರದಿಂದ ಬಂದ ಮಂಜನ್ನು ಮರಗಳು ಎಲೆಯಲ್ಲಿ ಹಿಡಿದು ಕೆಳಗೆ ತೊಟ್ಟಿಕ್ಕುತ್ತಿದ್ದವು. ಅಲ್ಲಿ ಬೇಸಿಗೆಯಲ್ಲಿ ಮಳೆಯೇ ಇಲ್ಲ ಅನ್ನುವಷ್ಟು ಕಡಿಮೆ, ಆ ತಿಂಗಳುಗಳಲ್ಲಿ ಮರಕ್ಕೆ ಈ ಮಂಜಿನ ನೀರು ದೊಡ್ಡ ಆಸರೆ. ಅದನ್ನು ಕೇಳಿಸಿಕೊಳ್ಳಲು ಹಗಲು ಹೋಗಿ ಬಂದರೆ ಆಗುವುದಿಲ್ಲ. ಒಂದು ರಾತ್ರಿ ಇರಲೇಬೇಕು ಅಂತ ನಾನು ಹಟ ಹಿಡಿದು ಹೇಳುವುದು ಅದಕ್ಕೇ. ಉಣ್ಣೆ ಟೋಪಿ, ಸ್ವೆಟರ್, ಕಾಲುಚೀಲ ಮರೆಯಬೇಡಿ.

ಪ್ರಶ್ನೆ: ಅಕ್ಕಾ, ನಾವು ನಾಲ್ವರು ಕಂಪನಿ ಕೆಲಸದ ಮೇಲೆ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗ್ತಿದ್ದೀವಿ. ವೀಕೆಂಡ್ ಯಾವಾಗ ಸಿಗುತ್ತೋ ಗೊತ್ತಿಲ್ಲ, ಬುಕಿಂಗ್ ಕಷ್ಟ. ಸುಮ್ನೆ ಹೊರಟು ಕಾಡಿನ ಹತ್ತಿರ ಕಾರಲ್ಲೇ ಮಲಗಬಹುದಾ? ಪವನಾ ಲೇಕ್ ಹತ್ತಿರ ಹಾಗೇ ಮಾಡ್ತೀವಿ. — ಪಿಂಪ್ರಿಯಿಂದ ಒಬ್ಬ ಓದುಗ

ಉತ್ತರ: ಬೇಡ ತಮ್ಮಾ. ಪಾರ್ಕಿನ ಒಳಗೆ ರಸ್ತೆ ಪಕ್ಕ ಕಾರು ಹಾಕಿ ರಾತ್ರಿ ಕಳೆಯಲು ಬಿಡುವುದಿಲ್ಲ, ಬಂದು ಎಬ್ಬಿಸುತ್ತಾರೆ. ನಾವು ಒಮ್ಮೆ ಹಾಗೇ ಬುಕ್ ಮಾಡದೆ ಹೋಗಿ ಮೂರು ಗೇಟಿನಲ್ಲಿ ‘ಜಾಗ ಇಲ್ಲ’ ಅನ್ನುವ ಬೋರ್ಡ್ ನೋಡಿ, ರಾತ್ರಿ ಹನ್ನೊಂದಕ್ಕೆ ಹೆದ್ದಾರಿಯ ಮೋಟೆಲ್ ಒಂದರಲ್ಲಿ ಮಲಗಿದೆವು. ಮರುದಿನ ಎದ್ದಾಗ ಕಿಟಕಿಯಲ್ಲಿ ಕಂಡದ್ದು ಪೆಟ್ರೋಲ್ ಬಂಕ್.

ಪವನಾದಲ್ಲಿ ಟೆಂಟ್ ಕಟ್ಟಿಟ್ಟಿರುತ್ತಾರೆ, ಊಟ ಕೊಡುತ್ತಾರೆ, ಹಾಡು ಹಾಕುತ್ತಾರೆ. ಅಲ್ಲಿ ನಿಮಗೆ ಕೊಡುವುದು ಒಂದು ಮೇಜು, ಒಂದು ಬೆಂಕಿ ಗುಂಡಿ, ನಡೆಯುವ ದೂರದಲ್ಲಿ ಶೌಚಾಲಯ, ಅಷ್ಟೇ. ಟೆಂಟ್, ಸ್ಲೀಪಿಂಗ್ ಬ್ಯಾಗ್, ಒಲೆ ಎಲ್ಲ ನಿಮ್ಮದೇ. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲೇ ಕೊಳ್ಳಿ. ಬಾಡಿಗೆ ರಾತ್ರಿಗೆ ಸಾಮಾನ್ಯವಾಗಿ 35 ಡಾಲರ್, ನಾಲ್ವರು ಹಂಚಿಕೊಂಡರೆ ಹೆಚ್ಚೇನಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ಬ್ಲೂಟೂತ್ ಸ್ಪೀಕರನ್ನು ಪುಣೆಯಲ್ಲೇ ಬಿಟ್ಟು ಹೋಗಿ ಅಂತ ಕೇಳಿಕೊಳ್ಳುತ್ತೇನೆ.

ನಿಮಗೆ ಅನುಕೂಲದ ವಿಷಯ ಅಂದರೆ, ಅಕ್ಟೋಬರ್ ಹೊತ್ತಿಗೆ ಜನ ಕಡಿಮೆ. ಸ್ಯಾನ್ ಫ್ರಾನ್ಸಿಸ್ಕೋಗೆ ಹತ್ತಿರ, ಮರಿನ್ ಕಡೆಗೆ ಸ್ಯಾಮ್ಯುಯೆಲ್ ಟೇಲರ್ ಪಾರ್ಕ್ ಇದೆ, ಹಳ್ಳದ ದಂಡೆಯಲ್ಲಿ ರೆಡ್‌ವುಡ್ ನೆರಳಲ್ಲೇ ಕ್ಯಾಂಪ್. ಗುರುವಾರ ರಾತ್ರಿ ಕೂತು ರದ್ದಾದ ಜಾಗ ಹುಡುಕಿ. ಉತ್ತರಕ್ಕೆ ಹೋಗುವಷ್ಟು ರಜೆ ಸಿಕ್ಕಿ, ಸ್ಟೇಟ್ ಪಾರ್ಕ್ ತುಂಬಿದ್ದರೆ, ಜೆಡೆಡಾಯ ಸ್ಮಿತ್‌ನಿಂದ ಸ್ವಲ್ಪ ಒಳಕ್ಕೆ ಸಿಕ್ಸ್ ರಿವರ್ಸ್ ನ್ಯಾಷನಲ್ ಫಾರೆಸ್ಟ್‌ನ ಪ್ಯಾಂಥರ್ ಫ್ಲಾಟ್ ಕ್ಯಾಂಪ್ ನೋಡಿ. ಅಲ್ಲಿ ದೊಡ್ಡ ರೆಡ್‌ವುಡ್ ಇಲ್ಲ, ಹಗಲು ಕಾರಿನಲ್ಲಿ ಬಂದು ಕಾಡು ನೋಡಬಹುದು.

ಸೌದೆಯನ್ನು ಊರಿಂದ ಊರಿಗೆ ಒಯ್ಯಬೇಡಿ, ಕಾಡಿನಲ್ಲಿ ಆರಿಸಲೂ ಬೇಡಿ. ಕ್ಯಾಂಪಿನ ಹತ್ತಿರವೇ ಕೊಳ್ಳಿ. ಓಕ್ ಮರಗಳನ್ನು ಸಾಯಿಸುವ ಒಂದು ರೋಗ ಆ ತೀರದಲ್ಲಿ ಹರಡಿದೆ, ಸೌದೆಯ ಜೊತೆ ಅದೂ ಪ್ರಯಾಣ ಮಾಡುತ್ತದೆ. ಅಕ್ಟೋಬರ್‌ನಲ್ಲಿ ಕಾಡು ಒಣಗಿರುತ್ತದೆ, ಬೆಂಕಿ ಹಾಕಲೇಬೇಡಿ ಅಂತ ಬೋರ್ಡ್ ಇದ್ದರೆ ಹಾಕಬೇಡಿ.

ಪ್ರಶ್ನೆ: ಮಗಳು ಯುರೇಕಾದಲ್ಲಿ ಓದುತ್ತಿದ್ದಾಳೆ. ಜೂನ್ ಕೊನೆಗೆ ನಾನು, ನಮ್ಮವರು, ಅತ್ತೆ ಹೋಗುತ್ತಿದ್ದೇವೆ. ಪ್ರಪಂಚದ ಅತಿ ಎತ್ತರದ ಮರದ ಹತ್ತಿರ ಕ್ಯಾಂಪ್ ಇದೆಯಾ? ಕರಡಿ ಇದೆ ಅಂತಾರೆ, ನಿಜವಾ? ಅತ್ತೆಗೆ ಬೆಳಿಗ್ಗೆ ನಾಲ್ಕೂವರೆಗೇ ಎಚ್ಚರ, ಊಟಕ್ಕೆ ಮುಂಚೆ ಕಾಗೆಗೆ ತುತ್ತು ಇಡದೆ ಅವರು ಉಣ್ಣುವುದಿಲ್ಲ. ಅಲ್ಲಿ ಇಡಬಹುದಾ? — ವಾಸ್ಕೋದಿಂದ ಓದುಗರು

ಉತ್ತರ: ಆ ಮರದ ಹೆಸರು ಹೈಪೀರಿಯನ್. ಸುಮಾರು 116 ಮೀಟರ್, ಮುಂಬೈಯ ಮೂವತ್ತೈದು ಮಹಡಿ ಕಟ್ಟಡಕ್ಕಿಂತ ಎತ್ತರ. 2006ರಲ್ಲಿ ಅದನ್ನು ಗುರುತಿಸಿದರು. ಆಮೇಲೆ ಜನ ದಾರಿಯಿಲ್ಲದ ಕಡೆ ನುಗ್ಗಿ ನುಗ್ಗಿ ಬುಡದ ಜರೀಗಿಡವೆಲ್ಲ ತುಳಿದು ನೆಲ ಗಟ್ಟಿಯಾಯಿತು. ಆಗಲೇ ಹೇಳಿದೆನಲ್ಲ, ಬೇರು ಮೇಲೇ ಇರುತ್ತದೆ. 2022ರಲ್ಲಿ ಆ ಜಾಗ ಮುಚ್ಚಿದರು. ಹೋದರೆ 5000 ಡಾಲರ್ ತನಕ ದಂಡ, ಆರು ತಿಂಗಳು ಜೈಲು ಕೂಡ ಆಗಬಹುದು. ಅದನ್ನು ಮರೆತುಬಿಡಿ. ನೂರು ಮೀಟರಿನ ಮರಕ್ಕೂ 116 ಮೀಟರಿನ ಮರಕ್ಕೂ ಕೆಳಗೆ ನಿಂತವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಯುರೇಕಾದಿಂದ ಸುಮಾರು ಒಂದು ಗಂಟೆ ದೂರದ ಎಲ್ಕ್ ಪ್ರೇರಿ ಕ್ಯಾಂಪ್ ನಿಮಗೆ ಸರಿ. ಒಂದು ಕಡೆ ಹುಲ್ಲುಗಾವಲು, ಅಲ್ಲಿ ಎಲ್ಕ್ ಅನ್ನುವ ದೊಡ್ಡ ಜಿಂಕೆಗಳು ಮೇಯುತ್ತವೆ (ಹತ್ತಿರ ಹೋಗಬೇಡಿ), ಇನ್ನೊಂದು ಕಡೆ ಹಳೆಯ ಕಾಡು. ಅದೇ ಪಾರ್ಕಿನ ಗೋಲ್ಡ್ ಬ್ಲಫ್ಸ್ ಬೀಚ್ ಕ್ಯಾಂಪ್ ಮರಳಿನ ಮೇಲಿದೆ. ಗೋವಾದ ಸಮುದ್ರ ಅಂದುಕೊಂಡು ನೀರಿಗೆ ಇಳಿಯಬೇಡಿ, ತುಂಬಾ ತಣ್ಣಗಿರುತ್ತದೆ, ಇದ್ದಕ್ಕಿದ್ದ ಹಾಗೆ ದೊಡ್ಡ ಅಲೆ ಬಂದು ಎಳೆಯುತ್ತದೆ.

ಕರಡಿ ಇರುವುದು ನಿಜ. ಅದು ಬರುವುದು ಊಟದ ವಾಸನೆಗೆ. ಪ್ರತಿ ಜಾಗದಲ್ಲೂ ಕಬ್ಬಿಣದ ಪೆಟ್ಟಿಗೆ ಇರುತ್ತದೆ, ಊಟ, ಸೋಪು, ಟೂತ್‌ಪೇಸ್ಟ್ ಎಲ್ಲ ಅದರೊಳಗೆ. ಟೆಂಟಿನಲ್ಲಿ ಒಂದು ಬಿಸ್ಕೆಟ್ ಕೂಡ ಬೇಡ. ಕರಡಿಗಿಂತ ನಾನು ಎಚ್ಚರಿಸಬೇಕಾದದ್ದು ಪಾಯ್ಸನ್ ಓಕ್ ಗಿಡದ ಬಗ್ಗೆ. ಮೂರು ಮೂರು ಎಲೆ ಒಟ್ಟಿಗೆ ಇರುತ್ತದೆ, ಹೊಳೆಯುತ್ತದೆ. ಅದು ನಮ್ಮ ಮಾವು, ಗೇರು ಇವುಗಳ ಕುಟುಂಬದ್ದೇ. ಮಾವಿನ ಸೊನೆ, ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಮೈ ಸುಟ್ಟವರನ್ನು ಗೋವಾದವರು ನೋಡಿರುತ್ತೀರಿ, ಇದೂ ಹಾಗೇ. ದಾರಿ ಬಿಟ್ಟು ಗಿಡಗಳ ಒಳಗೆ ಹೋಗಬೇಡಿ. ತಾಗಿದರೆ ತಕ್ಷಣ ಸೋಪು ಹಾಕಿ ತಣ್ಣೀರಿನಲ್ಲಿ ತೊಳೆಯಿರಿ. ಇನ್ನು, ಹಸಿ ಕರಿಬೇವು ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ.

ಕಾಗೆಯ ತುತ್ತಿನ ಪ್ರಶ್ನೆ ಕೇಳಿದ್ದಕ್ಕೆ ತುಂಬಾ ಸಂತೋಷವಾಯಿತು, ಯಾಕೆಂದರೆ ಅಲ್ಲಿಗೆ ಹೋಗುವ ನಮ್ಮವರೆಲ್ಲರಿಗೂ ಇದನ್ನು ಹೇಳಬೇಕು ಅಂತ ನನಗೆ ಬಹಳ ದಿನದಿಂದ ಇತ್ತು. ದಯವಿಟ್ಟು ಇಡಬೇಡಿ. ಮಾರ್ಬಲ್ಡ್ ಮರ್‌ಲೆಟ್ ಅಂತ ಒಂದು ಕಡಲ ಹಕ್ಕಿ ಇದೆ. ನಮ್ಮ ಮೈನಾ ಅಷ್ಟೇ ಇರುತ್ತದೆ. ಬದುಕೆಲ್ಲ ಸಮುದ್ರದಲ್ಲಿ, ಮೊಟ್ಟೆ ಇಡಲು ಮಾತ್ರ ಒಳನಾಡಿಗೆ ಹಾರಿ ಬಂದು ಈ ಹಳೆಯ ಮರಗಳನ್ನು ಹುಡುಕುತ್ತದೆ. ಗೂಡು ಕಟ್ಟುವುದಿಲ್ಲ. ಎಷ್ಟೋ ಎತ್ತರದಲ್ಲಿ, ಅಗಲವಾದ ಕೊಂಬೆಯ ಪಾಚಿಯ ಮೇಲೆ ಒಂದೇ ಒಂದು ಮೊಟ್ಟೆ. ಎಷ್ಟು ಗುಟ್ಟಾಗಿ ಇಡುತ್ತದೆ ಅಂದರೆ ಅದು ಮೊಟ್ಟೆ ಇಡುವ ಜಾಗ ವಿಜ್ಞಾನಿಗಳಿಗೆ ಮರದ ಮೇಲೆ ಮೊದಲ ಸಲ ಸಿಕ್ಕಿದ್ದು 1974ರಲ್ಲಿ, ಬಿಗ್ ಬೇಸಿನ್‌ನಲ್ಲಿ. ಹಳೆಯ ಕಾಡಿನಲ್ಲಿ ನೂರಕ್ಕೆ ಐದರಷ್ಟು ಮಾತ್ರ ಉಳಿದಿದೆ, ಹಾಗಾಗಿ ಹಕ್ಕಿಯೂ ಕಡಿಮೆಯಾಗಿದೆ. ಅಲ್ಲಿ ಕಾಗೆಯ ಜಾತಿಯವೇ ಆದ ರೇವನ್, ನೀಲಿ ಬಣ್ಣದ ಜೇ ಹಕ್ಕಿಗಳು ಇವೆ. ಕ್ಯಾಂಪಿನಲ್ಲಿ ಬಿದ್ದ ಚೂರು ತಿನ್ನಲು ಅವು ಸೇರುತ್ತವೆ. ಸೇರಿದ ಮೇಲೆ ಸುತ್ತಲ ಕೊಂಬೆ ಜಾಲಾಡಿ ಆ ಮೊಟ್ಟೆ, ಮರಿ ಎಲ್ಲ ತಿಂದುಬಿಡುತ್ತವೆ. ಅದಕ್ಕೇ ಆ ಪಾರ್ಕುಗಳಲ್ಲಿ ಒಂದು ಚೂರೂ ಬೀಳಿಸಬೇಡಿ ಅಂತ ಅಷ್ಟು ಒತ್ತಿ ಹೇಳುತ್ತಾರೆ. ಅವಲಕ್ಕಿ ಚೂಡಾ, ಕಡಕ್ ರೊಟ್ಟಿ ಎಲ್ಲ ಅಲ್ಲಿ ಬೇಡ, ಎಷ್ಟು ಜೋಪಾನ ಮಾಡಿದರೂ ಪುಡಿ ಬೀಳುತ್ತದೆ. ಚಪಾತಿ, ಪಲ್ಯ, ಮೊಸರನ್ನ ಒಯ್ಯಿರಿ, ಮೇಜಿನ ಮೇಲೆ ಒಂದು ಬಟ್ಟೆ ಹಾಸಿ ಉಂಡು, ಆ ಬಟ್ಟೆಯನ್ನು ಕಸದ ಡಬ್ಬಿಯ ಮೇಲೆ ಕೊಡವಿ.

ಅತ್ತೆಗೆ ಈ ಹಕ್ಕಿಯ ವಿಷಯ ಹೇಳಿ. ಒಂದೇ ಮೊಟ್ಟೆ ಅಂದರೆ ಅವರಿಗೆ ಬೇರೆ ವಿವರಿಸಬೇಕಾಗಿಲ್ಲ. ಜೂನ್, ಜುಲೈಯಲ್ಲಿ ಬೆಳಕು ಹರಿಯುವ ಹೊತ್ತಿಗೆ ತಾಯಿ ತಂದೆ ಹಕ್ಕಿಗಳು ಕಡಲಿಂದ ಮೀನು ಹಿಡಿದು ಮರಿಗೆ ತರುತ್ತವೆ. ಕಾಣುವುದು ಕಷ್ಟ, ಮರದ ತುದಿಯಲ್ಲಿ ‘ಕೀರ್, ಕೀರ್’ ಅನ್ನುವ ಕೂಗು ಕೇಳಬಹುದು. ಅವರು ಹೇಗೂ ಆ ಹೊತ್ತಿಗೆ ಎದ್ದಿರುತ್ತಾರೆ. ಸ್ವೆಟರ್ ಹಾಕಿಸಿ, ಟೆಂಟಿನ ಹೊರಗೆ ಒಂದು ಕುರ್ಚಿ ಹಾಕಿಕೊಡಿ.